ಸೊನ್ನದಲ್ಲಿ ಒಂದು ಸೊನ್ನೆ

ಬೆಳಗಿನ ಐದೂವರೆ. ಸೊನ್ನದ ಬ್ಯಾರೇಜಿನ ಕೆಳಗೆ
ಥರ್ಮಾಕೋಲಿನ ತೆಪ್ಪದ ಮೇಲೆ ಲಚ್ಚಪ್ಪ ಜಮಾದಾರ,
ಎರಡು ಹವಾಯಿ ಚಪ್ಪಲಿಯೇ ಹುಟ್ಟು.
ಎಳೆದಷ್ಟೂ ಬಲೆಗೆ ಬರುವುದು ಬರೀ ನೀರಿನ ತೂಕ.
ದಂಡೆಯಲ್ಲಿ ನಾನು: ತಕ್ಕಡಿ, ಅಳತೆಪಟ್ಟಿ,
ಗೆರೆ ಹಾಕಿದ ಹಾಳೆ, ಒಂದು ಪೆನ್ಸಿಲು.
ಪೆನ್ನು ಒದ್ದೆ ಕೈಯಲ್ಲಿ ಸುಳ್ಳು ಹೇಳುತ್ತದೆ.

ಜಿಲೇಬಿ, ನಲವತ್ತೊಂದು.
ರೋಹು, ಮೂರು. ಇಲಾಖೆಯವರು ಡ್ರಮ್ಮಿನಲ್ಲಿ ತಂದು ಬಿಟ್ಟವು.
ಬಾಳೆ, ಒಂದೇ. ಮೀಸೆ ಮುರಿದದ್ದು.
ಹಾವುಮೀನು,

ಇಲ್ಲಿ ಪೆನ್ಸಿಲು ನಿಲ್ಲುತ್ತದೆ.

ನಮ್ಮ ಲೆಕ್ಕದಲ್ಲಿ ಖಾಲಿ ಬೇರೆ, ಸೊನ್ನೆ ಬೇರೆ.
ಖಾಲಿ ಬಿಟ್ಟರೆ ಹುಡುಕಲಿಲ್ಲ ಎಂದರ್ಥ.
ಸೊನ್ನೆ ಬರೆದರೆ: ಹುಡುಕಿದೆ, ಇರಲಿಲ್ಲ.
ಹದಿನೆಂಟು ತಿಂಗಳು, ತಿಂಗಳಿಗೆರಡು ಸಲ,
ಅಫಜಲಪುರದ ಮೊದಲ ಬಸ್ಸು, ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ.
ಇಷ್ಟು ಶ್ರದ್ಧೆಯಿಂದ ನಾನು ಗಳಿಸಿದ್ದು
ದುಂಡಗಿನ ಮೂವತ್ತೈದು ಸೊನ್ನೆ.

ಕಲಬುರಗಿಯ ನಮ್ಮ ಪ್ರಯೋಗಾಲಯದ ಮೇಲಟ್ಟದಲ್ಲಿ ಒಂದು ಜಾಡಿ.
ಲೇಬಲ್ಲಿನ ಶಾಯಿ ಚಹಾ ಆಗಿದೆ. ತಾರೀಖು ಅಳಿಸಿದೆ.
‘ಸೊನ್ನ, ಭೀಮಾ. ಹೆಣ್ಣು’ ಇಷ್ಟು ಉಳಿದಿದೆ.
ಒಳಗೆ ತನ್ನನ್ನೇ ತಾನು ಸುತ್ತಿಕೊಂಡ ಹಾವುಮೀನು.

ಮೀನಿನ ಕಿವಿಯೊಳಗೆ ಕಲ್ಲಿರುತ್ತದೆ, ಜೋಳದ ನುಚ್ಚಿನಷ್ಟು.
ವರ್ಷಕ್ಕೊಂದು ಉಂಗುರ.
ನಡುವಿನ ಚುಕ್ಕಿಯಲ್ಲಿ ಹುಟ್ಟಿದ ಸಮುದ್ರ,
ಅದರ ಸುತ್ತ ಹತ್ತಿ ಬಂದ ಹೊಳೆ.
ನಾಲ್ಕು ತಿಂಗಳು ಅರ್ಜಿ ಹಾಕಿ ಒಪ್ಪಿಗೆ ಪಡೆದೆ,
ಬುರುಡೆ ಬಿಡಿಸಿದೆ, ಚಿಮಟ ಇಳಿಸಿದೆ.
ಎರಡೂ ಕಿವಿ ಬರಿದು.
ಹುಳಿಯಾದ ಫಾರ್ಮಲಿನ್ನು
ಮೈಯನ್ನು ಜೋಪಾನ ಮಾಡುತ್ತ ಮಾಡುತ್ತ
ಕಲ್ಲನ್ನು ನೆಕ್ಕಿ ಮುಗಿಸಿತ್ತು.

‘ನೀವು ನೋಡೀರೇನು ಕಾಕಾ?’

‘ನೋಡೀರೇನಂತ ಕೇಳ್ತೀರಲ್ಲ, ತಿಂದೀನ್ರಿ!
ನಾ ಸಣ್ಣಾವ ಇದ್ದಾಗ, ಮಳಿ ಹೊಡದು ಹೊಳಿ ಕೆಂಪಾತಂದ್ರ
ತೊಡಿಯಷ್ಟು ದಪ್ಪನ್ನವು ಕೆಳಗ ಹೊಂಟಿರತಿದ್ದವು,
ಏನೋ ನೆಪ್ಪಾದವರಂಗ.
ನಮ್ಮವ್ವ ಬಾಣಂತ್ಯಾರಿಗಿ ಸಾರು ಮಾಡಿ ಕೊಡತಿದ್ದಳು.
ಮರಿ ಕೇಳಬ್ಯಾಡ್ರಿ. ಮರಿ ಯಾರೂ ನೋಡಿಲ್ಲ.
ಎಲ್ಲಿಂದ ಬರತಾವಂದ್ರ ನಮ್ಮಪ್ಪ ಅಂತಿದ್ದ,
ನೀರು ಮುಗಿಯೂ ಊರಿಂದ.’

ನಾನು ಪುಸ್ತಕದ್ದು ಹೇಳಿದೆ.
ಸಮುದ್ರದ ಕತ್ತಲಲ್ಲಿ ಹುಟ್ಟುವುದು, ಗಾಜಿನಂಥ ಮರಿ,
ಹಿಂದಿನ ಅಕ್ಷರ ಕಾಣುವಷ್ಟು ತೆಳು,
ಕೃಷ್ಣೆಯ ಬಾಯಿಂದ ಒಳಗೆ.
ಗೋಡೆಗೊಂದು ಬೆರಳು ಮಡಚುತ್ತ ಬಂದೆ:
ವಿಜಯವಾಡ, ನಾಗಾರ್ಜುನಸಾಗರ, ಶ್ರೀಶೈಲ, ಜುರಾಲಾ,
ಭೀಮೆಗೆ ತಿರುಗಿ ಸನ್ನತಿಗೆ ಬರುವಷ್ಟರಲ್ಲಿ
ಮುಷ್ಟಿ ಮುಚ್ಚಿತ್ತು.

ಲಚ್ಚಪ್ಪ ಬೀಡಿ ಹಚ್ಚಲಿಲ್ಲ, ಕೈಯಲ್ಲೇ ಹಿಡಿದಿದ್ದ.
‘ಅಂದ್ರ ಅವು ಬರಂಗಿಲ್ಲಂತಲ್ಲ.
ಗ್ವಾಡಿ ಬುಡಕ ನಿಂತಾವ.
ಅಲ್ಲಿ ನಿಂತವನ್ನ ಇದರಾಗ ಎಲ್ಲಿ ಬರೀತೀರಿ?’

ಹಾಳೆಯ ಗೆರೆಗಳನ್ನು ಎರಡು ಸಲ ಓದಿದೆ.
ಜಾತಿ. ಉದ್ದ. ತೂಕ. ಸಂಖ್ಯೆ. ನೀರಿನ ಬಿಸಿ.

ಸೈರನ್ನು ಕೂಗಿತು. ಮೇಲೆ ಗೇಟು ಎತ್ತುತ್ತಾರೆ.
ಆತ ಬಲೆ ಸುತ್ತಿ, ಜಿಲೇಬಿಗಳನ್ನು ಗೊಬ್ಬರದ ಚೀಲಕ್ಕೆ ಸುರಿದು,
ಬಾಳೆಯನ್ನು ಮಾತ್ರ ಬೇರೆ ಅರಿವೆಯಲ್ಲಿ ಸುತ್ತಿ
‘ಇದು ಮನೀಗಿ’ ಎಂದು ಹೊರಟ.
ನಾನು ನೆನೆದ ಕಲ್ಲಿನಿಂದ ಒಣ ಕಲ್ಲಿಗೆ ಸರಿದೆ.

ಮೂವತ್ತಾರನೆಯದನ್ನು ಬರೆದೆ. ಅದು ನಿಜ.
ಆಮೇಲೆ ಅಂಚಿನಲ್ಲಿ ಷರಾ ಎಂಬ ಸಣ್ಣ ಜಾಗ ಕಂಡಿತು,
ಇಷ್ಟು ದಿನ ಅಲ್ಲಿ ‘ಮೋಡ’, ‘ಗಾಳಿ’ ಎಂದಷ್ಟೇ ಬರೆದಿದ್ದೆ.
‘ಕೆಳಗೆ ಕಾಯುತ್ತಿರಬಹುದು’ ಎಂದು ಬರೆದೆ.

ಗೈಡಿಗೆ ಇದು ನಡೆಯದು, ಗೊತ್ತು.
ಅಳಿಸೋಣವೆಂದರೆ
ರಬ್ಬರು ತಂದಿರಲಿಲ್ಲ.